ಹಂದಿ ಹೆಚ್ಚಿತು, ತಳಿ ಕರಗಿತು

ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ, ಮಲೆನಾಡು ಗಿಡ್ಡ ಎಂದು ದನದ ತಳಿಗಳನ್ನು ಕೊಂಬಿನ ತಿರುವು, ಮೈಬಣ್ಣ, ನಡಿಗೆಯ ಗತ್ತು ನೋಡಿಯೇ ಗುರುತಿಸುವ ಕನ್ನಡ ನಾಡಿನಲ್ಲಿ ಹಂದಿಗೆ ಮಾತ್ರ ಇರುವುದು ಎರಡೇ ಹೆಸರು: ಊರಲ್ಲಿ ತಿರುಗಿ ಮೇಯುವ ಕಪ್ಪಗಿನದು ನಾಟಿ ಹಂದಿ, ಕೂಡಿಹಾಕಿ ಸಾಕುವ ಬಿಳಿಯದು ಸೀಮೆ ಹಂದಿ. ಬಾದಾಮಿಯ ಚಾಲುಕ್ಯರು ವರಾಹವನ್ನು ಲಾಂಛನವಾಗಿ ಧರಿಸಿದರು, ವಿಜಯನಗರದ ಚಿನ್ನದ ನಾಣ್ಯವೇ ವರಾಹವೆನಿಸಿಕೊಂಡಿತು; ಆದರೆ ಆ ಗೌರವ ಊರುಹಂದಿಯವರೆಗೆ ಇಳಿದು ಬರಲಿಲ್ಲ. ಈ ಉಪೇಕ್ಷೆ ಕನ್ನಡಿಗರದು ಮಾತ್ರವಲ್ಲ, ಇಡೀ ದೇಶದ್ದು. ದನ ಮತ್ತು ಎಮ್ಮೆಗಳ ತಳಿಗಳನ್ನು ಬ್ರಿಟಿಷರ ಕಾಲದಿಂದಲೇ ವರ್ಣಿಸಿ ದಾಖಲಿಸುತ್ತ ಬಂದಿದ್ದರೆ, ಭಾರತದ ಹಂದಿಗಳಿಗೆ ತಳಿಯೆಂಬ ಅಧಿಕೃತ ಮನ್ನಣೆ ಸಿಗತೊಡಗಿದ್ದು ಈ ಶತಮಾನದಲ್ಲಿ, ಅದೂ ಅವುಗಳಲ್ಲಿ ಹಲವು ಸೀಮೆ ಹಂದಿಗಳೊಂದಿಗೆ ಬೆರೆತು ಗುರುತು ಕಳೆದುಕೊಳ್ಳತೊಡಗಿದ ಮೇಲೆ.

ಜಗತ್ತಿನಲ್ಲಿ ಹಂದಿಗಳಿಗೆ ಬರವೇನೂ ಇಲ್ಲ. ಒಟ್ಟು ಸಂಖ್ಯೆ ನೂರು ಕೋಟಿಯ ಆಸುಪಾಸಿನಲ್ಲಿದ್ದು, ಅದರಲ್ಲಿ ಸುಮಾರು ಅರ್ಧದಷ್ಟು ಚೀನಾ ಒಂದರಲ್ಲೇ ಇವೆ. ಇಂಥ ಪ್ರಾಣಿಯ ಬಗ್ಗೆ ಸಂರಕ್ಷಣೆಯ ಮಾತೆತ್ತುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೆ ತಲೆಯೆಣಿಕೆ ಬೇರೆ, ವಂಶವೈವಿಧ್ಯ ಬೇರೆ. ಪ್ರಾಣಿಯ ಗುಣಗಳನ್ನು ರೂಪಿಸುವ ಸೂಚನೆಯನ್ನು ಹೊತ್ತ ಡಿಎನ್‌ಎ ತುಣುಕನ್ನು ವಂಶವಾಹಿ ಅಥವಾ ಜೀನ್ ಎನ್ನುತ್ತಾರೆ. ಒಂದೇ ಜೀನ್ ಬೇರೆ ಬೇರೆ ಪ್ರಾಣಿಗಳಲ್ಲಿ ಅಲ್ಪಸ್ವಲ್ಪ ಬದಲಾದ ರೂಪಗಳಲ್ಲಿರುತ್ತದೆ, ಮತ್ತು ಒಂದು ಜಾತಿಯೊಳಗೆ ಇಂಥ ರೂಪಗಳು ಎಷ್ಟಿವೆ, ಅವು ಹೇಗೆ ಹಂಚಿಕೊಂಡಿವೆ ಎಂಬುದೇ ಅದರ ವಂಶವೈವಿಧ್ಯ. ಒಂದು ಪ್ರದೇಶದ ಹವೆ, ಮೇವು, ರೋಗ ಮತ್ತು ಅಲ್ಲಿನ ಜನರ ಆಯ್ಕೆ ಇವೆಲ್ಲ ಸೇರಿ ಹಲವು ತಲೆಮಾರುಗಳಲ್ಲಿ ರೂಪಿಸಿದ, ತನ್ನ ಲಕ್ಷಣಗಳನ್ನು ಮರಿಗಳಿಗೆ ತಪ್ಪದೆ ದಾಟಿಸುವ ಗುಂಪನ್ನು ತಳಿ ಎನ್ನಬಹುದು. ಬೆರಳೆಣಿಕೆಯ ಗಂಡುಗಳ ಸಂತತಿಯಾದ ಒಂದು ಲಕ್ಷ ಹಂದಿಗಳಲ್ಲಿರುವ ವೈವಿಧ್ಯವು, ನಾಲ್ಕಾರು ಕಣಿವೆಗಳಲ್ಲಿ ಹರಡಿಕೊಂಡ ಕೆಲವೇ ನೂರು ನಾಟಿ ಹಂದಿಗಳಲ್ಲಿರುವುದಕ್ಕಿಂತ ಕಡಿಮೆಯಾಗಿರುವುದು ಸಾಧ್ಯ.

ಇಂದಿನ ದೊಡ್ಡ ಹಂದಿ ಉದ್ಯಮ ಬಹುತೇಕ ಮೂರು ತಳಿಗಳ ಮೇಲೆ ನಿಂತಿದೆ. ಇಂಗ್ಲೆಂಡಿನ ಲಾರ್ಜ್ ವೈಟ್ ಮತ್ತು ಡೆನ್ಮಾರ್ಕ್ ಮೂಲದ ಲ್ಯಾಂಡ್‌ರೇಸ್‌ಗಳನ್ನು ಕೂಡಿಸಿ, ಹೆಚ್ಚು ಮರಿ ಹಾಕುವ ಮತ್ತು ಹಾಲು ಚೆನ್ನಾಗಿರುವ ತಾಯಿಹಂದಿಯನ್ನು ಪಡೆಯುತ್ತಾರೆ. ಆ ತಾಯಿಗೆ ಅಮೆರಿಕದ ಕೆಂಗಂದು ಬಣ್ಣದ ಡ್ಯೂರಾಕ್ ಗಂಡನ್ನು ಕೂಡಿಸಿ, ಬೇಗ ಬೆಳೆದು ಒಳ್ಳೆಯ ಮಾಂಸ ಕೊಡುವ ಮರಿಗಳನ್ನು ಮಾರುಕಟ್ಟೆಗಾಗಿ ಬೆಳೆಸುತ್ತಾರೆ. ಕೆನಡಾದಲ್ಲಾಗಲಿ ಥಾಯ್ಲೆಂಡಿನಲ್ಲಾಗಲಿ ಈ ಸೂತ್ರ ಹೆಚ್ಚು ಬದಲಾಗುವುದಿಲ್ಲ. ಹತ್ತಾರು ದೇಶೀಯ ತಳಿಗಳಿಗೆ ತವರಾದ ಚೀನಾದಲ್ಲೂ ಇಂದು ಮಾರಾಟವಾಗುವ ಮಾಂಸದ ಬಹುಪಾಲು ಇದೇ ತ್ರಿವಳಿ ಸಂಕರದ್ದು.

ಹಂದಿಯ ವಂಶಚರಿತ್ರೆಯನ್ನು ನೋಡಿದರೆ ಈ ಏಕರೂಪತೆ ಎಷ್ಟು ಹೊಸದೆಂಬುದು ತಿಳಿಯುತ್ತದೆ. ಕಾಡುಹಂದಿಯು ಯೂರೋಪಿನಿಂದ ಜಪಾನಿನವರೆಗೆ ಹರಡಿದ ಪ್ರಾಣಿ. ಅದರ ಪೂರ್ವ ಮತ್ತು ಪಶ್ಚಿಮದ ಶಾಖೆಗಳು ಕವಲೊಡೆದು ಸುಮಾರು ಹತ್ತು ಲಕ್ಷ ವರ್ಷಗಳಾಗಿವೆಯೆಂದು, ಹಂದಿಯ ಸಂಪೂರ್ಣ ಜೀನೋಮನ್ನು ಓದಿ 2012ರಲ್ಲಿ ಪ್ರಕಟಿಸಿದ ವಿಜ್ಞಾನಿಗಳ ಅಂತಾರಾಷ್ಟ್ರೀಯ ತಂಡ ಅಂದಾಜು ಮಾಡಿತು. ಜೀನೋಮ್ ಎಂದರೆ ಒಂದು ಜೀವಿಯ ಡಿಎನ್‌ಎಯಲ್ಲಿರುವ ಸಮಗ್ರ ಬರಹ. ಈ ಎರಡು ಶಾಖೆಗಳನ್ನು ಮನುಷ್ಯ ಬೇರೆ ಬೇರೆಯಾಗಿಯೇ ಪಳಗಿಸಿದ: ಪಶ್ಚಿಮದಲ್ಲಿ ಈಗಿನ ಟರ್ಕಿಯ ಪೂರ್ವಭಾಗದಲ್ಲಿ, ಪೂರ್ವದಲ್ಲಿ ಚೀನಾದಲ್ಲಿ. ಅನಟೋಲಿಯಾದ ಬೇಸಾಯಗಾರರು ತಮ್ಮ ಹಂದಿಗಳನ್ನು ಹೊಡೆದುಕೊಂಡು ಯೂರೋಪಿಗೆ ಬಂದರಾದರೂ, ಆ ಹಂದಿಗಳು ಅಲ್ಲಿನ ಕಾಡುಹಂದಿಗಳೊಂದಿಗೆ ಎಷ್ಟು ಬೆರೆತವೆಂದರೆ ಇಂದಿನ ಯೂರೋಪಿನ ಹಂದಿಯ ಜೀನೋಮಿನಲ್ಲಿ ಪಶ್ಚಿಮ ಏಷ್ಯಾದ ಮೂಲಪಾಲು ಶೇ. 4ಕ್ಕಿಂತ ಹೆಚ್ಚಿಲ್ಲವೆಂದು ಪುರಾತನ ಮೂಳೆಗಳಿಂದ ತೆಗೆದ ಡಿಎನ್‌ಎ ತೋರಿಸಿದೆ. ಹಂದಿ ಹಾಗೆ ಊರಿಗೂ ಕಾಡಿಗೂ ಸಲ್ಲುವ ಪ್ರಾಣಿ. ಬೇಲಿಯಿಲ್ಲದ ಸಾಕಣೆಯಲ್ಲಿ ಕಾಡಿನ ಗಂಡು ಬಂದು ಊರಿನ ಹೆಣ್ಣನ್ನು ಕೂಡುವುದು ಸಾವಿರಾರು ವರ್ಷ ನಡೆದ ಸಂಗತಿ.

ಹತ್ತು ಲಕ್ಷ ವರ್ಷ ದೂರವಿದ್ದ ಈ ಎರಡು ಶಾಖೆಗಳನ್ನು ಮತ್ತೆ ಒಂದುಗೂಡಿಸಿದ್ದು ಹಡಗು ವ್ಯಾಪಾರ. ಹದಿನೆಂಟನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ದಕ್ಷಿಣ ಚೀನಾದ ಹಂದಿಗಳನ್ನು ಇಂಗ್ಲೆಂಡಿಗೆ ತರಿಸಿಕೊಂಡ ಅಲ್ಲಿನ ಸಾಕಣೆಗಾರರು, ಕಾಲುದ್ದದ, ನಿಧಾನವಾಗಿ ಬೆಳೆಯುವ ತಮ್ಮ ಹಂದಿಗಳಿಗೆ ಅವನ್ನು ಕೂಡಿಸಿ ಬೇಗ ಮೈತುಂಬಿಕೊಳ್ಳುವ ಹೊಸ ತಳಿಗಳನ್ನು ಕಟ್ಟಿದರು. ಇಂದು ಜಗತ್ತಿನಾದ್ಯಂತ ಹರಡಿರುವ ಲಾರ್ಜ್ ವೈಟ್ ಶುದ್ಧ ಆಂಗ್ಲ ತಳಿಯೆಂದು ಕಂಡರೂ ಅದರ ಜೀನೋಮಿನಲ್ಲಿ ಚೀನಾದ ಹಂದಿಗಳಿಂದ ಬಂದ ಗಣನೀಯ ಪಾಲಿದೆ. ಶುದ್ಧ ತಳಿಯೆಂಬುದು ಹೆಚ್ಚಿನ ಕಡೆ ಇತ್ತೀಚಿನ ಕಲ್ಪನೆ. ಸಂರಕ್ಷಣೆಯೆಂದರೆ ಅನಾದಿ ಶುದ್ಧತೆಯ ಕಾವಲು ಎಂದು ಭಾವಿಸುವವರು ಇದನ್ನು ಗಮನಿಸಬೇಕು. ಕಾಯಬೇಕಾದದ್ದು ಶುದ್ಧತೆಯನ್ನಲ್ಲ, ಮುಂದೆ ಬೇಕಾದಾಗ ಬೆರೆಸಲು ಬೇರೆ ಬೇರೆಯಾಗಿ ಉಳಿದಿರುವ ಸಂತತಿಗಳನ್ನು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದೊಂದು ಸೀಮೆಗೂ ತನ್ನದೇ ಹಂದಿಯಿತ್ತು. ಅವುಗಳ ಭವಿಷ್ಯಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1955ರಲ್ಲಿ. ಡೆನ್ಮಾರ್ಕಿನ ಅಗ್ಗದ, ಒಂದೇ ಅಳತೆಯ ಬೇಕನ್ ಎದುರು ಬ್ರಿಟಿಷ್ ಹಂದಿ ಸಾಕಣೆ ಸೋಲುತ್ತಿದ್ದುದನ್ನು ಪರಿಶೀಲಿಸಲು ಹೆರಾಲ್ಡ್ ಹೋವಿಟ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು, ತಳಿಗಳು ಬಹಳವಾಗಿರುವುದೇ ದೌರ್ಬಲ್ಯವೆಂದು ತೀರ್ಮಾನಿಸಿ, ಲಾರ್ಜ್ ವೈಟ್, ಲ್ಯಾಂಡ್‌ರೇಸ್ ಮತ್ತು ವೆಲ್ಶ್ ಎಂಬ ಮೂರರ ಮೇಲೆ ಗಮನ ಕೇಂದ್ರೀಕರಿಸಲು ಶಿಫಾರಸು ಮಾಡಿತು. ಆ ಕಾಲದ ಲೆಕ್ಕಾಚಾರದಲ್ಲಿ ಇದು ತಪ್ಪೆನ್ನುವಂತಿರಲಿಲ್ಲ. ಆದರೆ ಪಟ್ಟಿಯಿಂದ ಹೊರಗುಳಿದ ತಳಿಗಳ ಗಂಡುಗಳಿಗೆ ಬೇಡಿಕೆ ಇಲ್ಲವಾಯಿತು, ಸಾಕುವವರು ಒಬ್ಬೊಬ್ಬರಾಗಿ ಕೈಬಿಟ್ಟರು. ಕುರಿಯಂತೆ ಗುಂಗುರು ರೋಮ ಹೊದ್ದಿದ್ದ, ಕೊಬ್ಬಿಗೆ ಹೆಸರಾಗಿದ್ದ ಲಿಂಕನ್‌ಶೈರ್ ಕರ್ಲಿ ಕೋಟ್ 1972ರ ವೇಳೆಗೆ ಸಂಪೂರ್ಣವಾಗಿ ಅಳಿಯಿತು. ಅದರ ಮರುವರ್ಷ, 1973ರಲ್ಲಿ, ಅಪರೂಪದ ಸಾಕುತಳಿಗಳ ಉಳಿವಿಗಾಗಿ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಎಂಬ ಸಂಸ್ಥೆ ಅಲ್ಲಿ ಹುಟ್ಟಿಕೊಂಡಿತು. ಕುತೂಹಲದ ಸಂಗತಿಯೆಂದರೆ, ಹೋವಿಟ್ ಸಮಿತಿ ಆರಿಸಿದ ಮೂರರಲ್ಲಿ ಒಂದಾದ ವೆಲ್ಶ್ ಹಂದಿಯೇ 2005ರಲ್ಲಿ ಆ ಸಂಸ್ಥೆಯ ಅಪರೂಪದ ತಳಿಗಳ ಪಟ್ಟಿಗೆ ಸೇರಬೇಕಾಯಿತು. ಗೆದ್ದ ತಳಿಯೂ ಮಾರುಕಟ್ಟೆಯ ಮುಂದಿನ ತಿರುವಿನಲ್ಲಿ ಸೋಲಬಹುದು.

ತಳಿಯೊಂದು ಕುಗ್ಗುವಾಗ ಒಳಗೆ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸಿಕೊಡುತ್ತದೆ. ತಳಿಶಾಸ್ತ್ರದಲ್ಲಿ ಪರಿಣಾಮಕಾರಿ ಗಾತ್ರವೆಂಬ ಅಳತೆಯಿದೆ. ವಂಶವೈವಿಧ್ಯವನ್ನು ಮುಂದಿನ ತಲೆಮಾರಿಗೆ ದಾಟಿಸುವ ದೃಷ್ಟಿಯಿಂದ ಒಂದು ಹಿಂಡು ಎಷ್ಟು ಪ್ರಾಣಿಗಳಿಗೆ ಸಮ ಎಂಬುದನ್ನು ಅದು ಹೇಳುತ್ತದೆ. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕುಪಟ್ಟು ಮಾಡಿ, ಬಂದದ್ದನ್ನು ಗಂಡುಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಈ ಅಳತೆ ಸಿಗುತ್ತದೆ. ನೂರು ಹೆಣ್ಣುಗಳಿಗೆ ಎರಡೇ ಗಂಡುಗಳಿದ್ದರೆ ಉತ್ತರ 8ಕ್ಕಿಂತಲೂ ಕಡಿಮೆ: ಕೊಟ್ಟಿಗೆಯಲ್ಲಿರುವುದು 102 ಹಂದಿ, ಲೆಕ್ಕಕ್ಕೆ ಬರುವುದು ಎಂಟು. ಮರಿಗಳೆಲ್ಲ ಆ ಎರಡು ತಂದೆಗಳಿಗೆ ಹುಟ್ಟಿದ ಅಣ್ಣತಂಗಿಯರೋ ಮಲಸೋದರರೋ ಆಗಿರುವುದರಿಂದ ಒಂದೆರಡು ತಲೆಮಾರಿನೊಳಗೆ ರಕ್ತಸಂಬಂಧಿಗಳ ನಡುವೆಯೇ ಕೂಡಿಕೆಯಾಗುವುದು ಅನಿವಾರ್ಯ, ಮತ್ತು ಈ ಒಳಕೂಡಿಕೆಯ ಪ್ರಮಾಣ ಪ್ರತಿ ತಲೆಮಾರಿಗೆ ಶೇ. 6ಕ್ಕೂ ಮಿಗಿಲಾಗಿ ಏರುತ್ತದೆ. ಆಗ ತಂದೆ ತಾಯಿ ಇಬ್ಬರಲ್ಲೂ ಮರೆಯಾಗಿದ್ದ ಒಂದೇ ದೋಷಯುಕ್ತ ಜೀನು ಮರಿಯಲ್ಲಿ ಜೋಡಿಯಾಗಿ ಸೇರಿ ಪ್ರಕಟವಾಗುತ್ತದೆ. ಸೂಲಿಗೆ ಹುಟ್ಟುವ ಮರಿಗಳ ಸಂಖ್ಯೆ ತಗ್ಗುತ್ತದೆ, ಹುಟ್ಟಿದವು ಬದುಕುವುದೂ ಕಷ್ಟವಾಗುತ್ತದೆ. ತಲೆಮಾರಿಗೆ ಶೇ. 1ಕ್ಕಿಂತ ಹೆಚ್ಚು ಏರಿಕೆ ಅಪಾಯವೆಂದು ತಳಿತಜ್ಞರು ಸಾಮಾನ್ಯವಾಗಿ ಒಪ್ಪುತ್ತಾರೆ, ಅದಕ್ಕೆ ಪರಿಣಾಮಕಾರಿ ಗಾತ್ರ ಕನಿಷ್ಠ 50 ಇರಬೇಕು. ಕೃತಕ ಗರ್ಭಧಾರಣೆಯಿಂದ ಒಂದೇ ಗಂಡು ಸಾವಿರಾರು ಮರಿಗಳಿಗೆ ತಂದೆಯಾಗಬಲ್ಲ ಈ ಕಾಲದಲ್ಲಿ ಹಿಂಡು ದೊಡ್ಡದಾದಷ್ಟೂ ವೈವಿಧ್ಯ ಹೆಚ್ಚುತ್ತದೆಂಬ ಭರವಸೆಯೇ ಇಲ್ಲ.

ಒಂದೇ ಜೀನು ಎಷ್ಟು ದೂರ ಹರಡಬಹುದೆಂಬುದಕ್ಕೆ ಹಾಲೋಥೇನ್ ಜೀನಿನ ಕಥೆ ಸಾಕು. ಎರಡನೆಯ ಮಹಾಯುದ್ಧದ ನಂತರ ಕೊಬ್ಬು ಕಡಿಮೆಯಿರುವ, ತೊಡೆ ತುಂಬಿಕೊಂಡ ಹಂದಿಗೆ ಬೇಡಿಕೆ ಬಂದಾಗ, ಬೆಲ್ಜಿಯಂನ ಪಿಯೆತ್ರೇನ್ ಮೊದಲಾದ ಮಾಂಸಲ ತಳಿಗಳ ಗಂಡುಗಳನ್ನು ಎಲ್ಲೆಡೆ ಬಳಸತೊಡಗಿದರು. ಹಾಗೆ ಆರಿಸಿದ ಹಂದಿಗಳಲ್ಲಿ ಕೆಲವು, ಲಾರಿಗೆ ಹತ್ತಿಸುವಾಗಲೋ ಬಿಸಿಲಿನಲ್ಲಿ ಸಾಗಿಸುವಾಗಲೋ ಒಮ್ಮೆಲೇ ಮೈಕಾವೇರಿ, ಸ್ನಾಯುಗಳು ಸೆಟೆದು, ನಿಂತಲ್ಲೇ ಕುಸಿದು ಸಾಯುತ್ತಿದ್ದವು. ಬದುಕಿ ಕಸಾಯಿಖಾನೆ ಮುಟ್ಟಿದವುಗಳ ಮಾಂಸವೂ ಬಿಳಿಚಿಕೊಂಡು ನೀರು ಬಿಡುತ್ತಿತ್ತು. ಹಾಲೋಥೇನ್ ಎಂಬ ಅರಿವಳಿಕೆ ಅನಿಲವನ್ನು ಉಸಿರಾಡಿಸಿದಾಗ ಇಂಥ ಹಂದಿಗಳ ಕಾಲು ಸೆಟೆದುಕೊಳ್ಳುತ್ತಿದ್ದುದರಿಂದ ಅದೇ ಪರೀಕ್ಷೆಯಾಯಿತು, ಜೀನಿಗೂ ಆ ಹೆಸರು ಬಂತು. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯನ್ನು ಹತೋಟಿಯಲ್ಲಿಡುವ ಬಾಗಿಲಿನ ಸೂಚನೆಯಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಬದಲಾಗಿರುವುದು ಇದಕ್ಕೆ ಕಾರಣವೆಂದು ಕೆನಡಾದ ಸಂಶೋಧಕರು 1991ರಲ್ಲಿ ಕಂಡುಹಿಡಿದರು. ಐದು ಪ್ರಮುಖ ತಳಿಗಳಲ್ಲಿ ಕಂಡುಬಂದ ಈ ದೋಷ ಐದು ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದಲ್ಲ, ಒಂದೇ ಮೂಲದಿಂದ ಬಂದದ್ದೆಂಬುದಕ್ಕೂ ಅದೇ ಸಂಶೋಧನೆಯಲ್ಲಿ ಪುರಾವೆ ಸಿಕ್ಕಿತು. ಆ ಜೀನು ಮಾಂಸವನ್ನು ಹೆಚ್ಚಿಸುತ್ತಿದ್ದುದರಿಂದ, ಸಾಕುವವರು ಒಳ್ಳೆಯ ಮೈಕಟ್ಟೆಂದು ಆರಿಸಿದಾಗಲೆಲ್ಲ ಸಾವಿನ ಬೀಜವನ್ನೂ ಕೂಡಿಯೇ ಆರಿಸುತ್ತಿದ್ದರು.

ಉಪಯೋಗವಿಲ್ಲವೆಂದು ಕಂಡ ತಳಿಯಲ್ಲಿ ಏನಡಗಿದೆ ಎಂಬುದು ಮೊದಲೇ ತಿಳಿಯುವುದಿಲ್ಲ. ಚೀನಾದ ತೈಹು ಸರೋವರದ ಸುತ್ತಲಿನ ಮೇಶಾನ್ ಹಂದಿಯ ಮುಖ ಸುಕ್ಕುಗಟ್ಟಿ, ಕಿವಿ ಜೋತುಬಿದ್ದು, ಮೈತುಂಬ ಕೊಬ್ಬು. ಪಾಶ್ಚಾತ್ಯ ಮಾರುಕಟ್ಟೆಯ ಯಾವ ಅಳತೆಗೂ ಅದು ಒಗ್ಗದು. ಆದರೆ ಅದು ಮೂರು ತಿಂಗಳ ಆಸುಪಾಸಿಗೇ ಬೆದೆಗೆ ಬರುತ್ತದೆ, ಸೂಲಿಗೆ ಹದಿನಾಲ್ಕು, ಹದಿನೈದು ಮರಿ ಹಾಕುತ್ತದೆ. ಫ್ರಾನ್ಸ್ 1979ರಲ್ಲಿ, ಅಮೆರಿಕ 1989ರಲ್ಲಿ ಈ ಹಂದಿಗಳನ್ನು ಸಂಶೋಧನೆಗಾಗಿ ತರಿಸಿಕೊಂಡವು. ಈಸ್ಟ್ರೋಜನ್ ಗ್ರಾಹಕದ ಜೀನಿಗೂ ಸೂಲಿನ ಗಾತ್ರಕ್ಕೂ ನಂಟಿದೆಯೆಂಬ 1996ರ ಶೋಧಕ್ಕೆ ಮೇಶಾನ್ ಸಂತತಿಯೇ ಆಧಾರವಾಯಿತು.

ಇನ್ನೂ ವಿಸ್ಮಯಕರವಾದದ್ದು ಆಕ್ಲೆಂಡ್ ದ್ವೀಪಗಳ ಹಂದಿಯ ಕಥೆ. ನ್ಯೂಜಿಲೆಂಡಿನ ದಕ್ಷಿಣಕ್ಕೆ, ಜನವಸತಿಯಿಲ್ಲದ ಚಳಿಗಾಳಿಯ ಆ ದ್ವೀಪದಲ್ಲಿ, ಹಡಗು ಒಡೆದು ಬಂದವರಿಗೆ ಆಹಾರವಾದೀತೆಂದು 1807ರಿಂದ ನಾವಿಕರು ಹಂದಿಗಳನ್ನು ಬಿಟ್ಟಿದ್ದರು. ಅಪರೂಪದ ಹಕ್ಕಿಗಳ ಗೂಡು ಕೆದರುವ ಪಿಡುಗೆಂದು ಅವನ್ನು ನಿರ್ಮೂಲನ ಮಾಡುವ ಮಾತು ನಡೆಯುತ್ತಿದ್ದಾಗ, ಅಪರೂಪದ ತಳಿಗಳ ಹಿತೈಷಿಗಳು 1999ರಲ್ಲಿ 17 ಹಂದಿಗಳನ್ನು ಹಿಡಿದು ಇನ್ವರ್‌ಕಾರ್ಗಿಲ್ ಊರಿಗೆ ತಂದರು. ಸುಮಾರು ಎರಡು ಶತಮಾನ ಹೊರಜಗತ್ತಿನ ಸಂಪರ್ಕವಿಲ್ಲದೆ ಬೆಳೆದಿದ್ದರಿಂದ ಇತರ ಹಂದಿಗಳಲ್ಲಿ ಸಾಮಾನ್ಯವಾದ ಎಷ್ಟೋ ಸೋಂಕುಗಳು ಅವುಗಳಲ್ಲಿ ಇರಲಿಲ್ಲ; ಸಕ್ಕರೆ ಕಾಯಿಲೆಯ ರೋಗಿಗಳಿಗೆ ಹಂದಿಯ ಇನ್ಸುಲಿನ್ ಉತ್ಪಾದಕ ಕೋಶಗಳನ್ನು ಕಸಿ ಮಾಡುವ ಪ್ರಯೋಗಗಳಿಗೆ ಇಂಥ ನಿರ್ಮಲ ಹಿಂಡೇ ಬೇಕಾಗಿದ್ದುದರಿಂದ, ಪಿಡುಗೆನಿಸಿದ್ದ ಪ್ರಾಣಿ ಔಷಧ ಸಂಶೋಧನೆಯ ಬೆಲೆಬಾಳುವ ಆಸ್ತಿಯಾಯಿತು. ಹಿಡಿದು ತಂದವರು ಇದನ್ನು ಊಹಿಸಿರಲಿಲ್ಲ, ತಳಿಯೊಂದು ಸುಮ್ಮನೆ ಅಳಿಯಬಾರದೆಂಬುದಷ್ಟೇ ಅವರ ಕಾಳಜಿಯಾಗಿತ್ತು.

ಭಾರತದಲ್ಲಿ ಸಾಕುಪ್ರಾಣಿಗಳ ತಳಿಗಳನ್ನು ಗುರುತಿಸಿ ನೋಂದಾಯಿಸುವ ಹೊಣೆ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದ್ದು. ಇಂದು ಹರಿಯಾಣದ ಕರ್ನಾಲ್‌ನಲ್ಲಿರುವ ಈ ಸಂಸ್ಥೆ 1984ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ, ಮರುವರ್ಷ ಅದು ಉತ್ತರಕ್ಕೆ ಸ್ಥಳಾಂತರಗೊಂಡಿತು. ಅದರ ಪಟ್ಟಿಯಲ್ಲಿ ಈಗ ಹನ್ನೆರಡಕ್ಕೂ ಹೆಚ್ಚು ಹಂದಿ ತಳಿಗಳಿವೆ. ಬಂಗಾಳದ ಡಾರ್ಜಿಲಿಂಗ್ ಬುಡದ ತರಾಯಿ ಸೀಮೆಯ ಘುಂಗ್ರೂ, ಮೇಘಾಲಯದ ನಿಯಾಂಗ್ ಮೇಘಾ, ನಾಗಾಲ್ಯಾಂಡಿನ ತೆನ್ಯಿ ವೋ, ಅಸ್ಸಾಮಿನ ಡೂಮ್, ಮಿಜೋರಮ್ಮಿನ ಜೋವಾಕ್, ತ್ರಿಪುರಾದ ಮಾಲಿ, ಉತ್ತರ ಪ್ರದೇಶದ ಘುರ್ರಾ, ನಿಕೋಬಾರಿ ಹೀಗೆ ಅದರ ಬಹುಪಾಲು ಈಶಾನ್ಯ, ಪೂರ್ವ ಮತ್ತು ದ್ವೀಪಗಳದ್ದು. ಕರ್ನಾಟಕಕ್ಕೆ ಅತ್ಯಂತ ಸಮೀಪದ ನೋಂದಾಯಿತ ತಳಿ ಗೋವಾದ ಅಗೋಂಡಾ. ಅದರ ಹೆಸರಿಗೆ ಕಾರಣವಾದ ಊರು ಕಾರವಾರಕ್ಕೆ ಹೊಂದಿಕೊಂಡ ಕಾಣಕೋಣ ತಾಲ್ಲೂಕಿನಲ್ಲಿದೆ.

ಹೊರಗಿನಿಂದ ನೋಡಿದರೆ ಎಲ್ಲವೂ ಕಪ್ಪು ಹಂದಿಗಳೇ. ಹತ್ತಿರದಿಂದ ಕಂಡರೆ ಒಂದಕ್ಕೊಂದು ಹೋಲಿಕೆಯಿಲ್ಲ. ಘುಂಗ್ರೂ ಹಂದಿಯ ಮೂತಿ ಮೇಲಕ್ಕೆ ತಿರುಗಿ ಮುಖ ಚಪ್ಪಟೆಯಾಗಿರುತ್ತದೆ, ಅಗಲವಾದ ಕಿವಿಗಳು ಅರಳಿ ಎಲೆಯಂತೆ ಜೋಲಾಡುತ್ತವೆ. ಸ್ವಭಾವ ಸಾಧು, ಸೂಲಿನ ಮರಿಗಳೂ ನಾಟಿ ಹಂದಿಗಳ ಪೈಕಿ ಹೆಚ್ಚು. ನಿಯಾಂಗ್ ಮೇಘಾ ಸಣ್ಣ ಗಾತ್ರದ್ದು. ಅದರ ಕಿವಿ ಚಿಕ್ಕದಾಗಿ ನೆಟ್ಟಗಿರುತ್ತದೆ, ಕತ್ತಿನಿಂದ ಬೆನ್ನುದ್ದಕ್ಕೂ ಬಿರುಗೂದಲು ನಿಮಿರಿ ಕಾಡುಹಂದಿಯನ್ನು ನೆನಪಿಸುತ್ತದೆ. ನಿಕೋಬಾರಿ ಹಂದಿ ಕುಳ್ಳಗೆ ಗಟ್ಟಿಮುಟ್ಟಾಗಿದ್ದು, ಅದರ ವಂಶದ ಕೊಂಡಿ ಭಾರತದ ಮುಖ್ಯ ಭೂಭಾಗಕ್ಕಿಂತ ಆಗ್ನೇಯ ಏಷ್ಯಾದತ್ತ ಬೆಸೆದಿದೆ. ನಿಕೋಬಾರಿನ ಜನರ ಹಬ್ಬ, ಹಿರಿಯರ ಕ್ರಿಯಾದಿಗಳಲ್ಲೆಲ್ಲ ಅದಕ್ಕೆ ಸ್ಥಾನವಿದೆ. 2004ರ ಸುನಾಮಿಯಲ್ಲಿ ಜನರೊಂದಿಗೆ ಅವರ ಹಂದಿಗಳೂ ಕೊಚ್ಚಿಹೋದವು. ಒಂದೇ ದ್ವೀಪಸಮೂಹಕ್ಕೆ ಸೀಮಿತವಾದ ತಳಿಯನ್ನು ಒಂದೇ ಅಲೆ ಇಲ್ಲವಾಗಿಸಬಲ್ಲದು.

ಈ ತಳಿಗಳ ಮುಖ್ಯ ಗುಣ ಯಾವ ಉತ್ಪಾದನಾ ಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ. ಮನೆಯ ಮುಸುರೆ, ಅಕ್ಕಿ ತೌಡು, ಕೆಸುವಿನ ಎಲೆ, ಗೆಡ್ಡೆ, ಮದ್ಯ ಬಟ್ಟಿಯಿಳಿಸಿ ಉಳಿದ ಚರಟ ಇಷ್ಟರಲ್ಲೇ ಅವು ಬದುಕಿ, ಮರಿ ಹಾಕಿ, ಮರಿಗಳನ್ನು ಉಳಿಸಿಕೊಳ್ಳುತ್ತವೆ. ಕೊಂಡು ತಂದ ಮೇವು, ಔಷಧ, ಫ್ಯಾನು ಬಯಸುವುದಿಲ್ಲ. ಸೀಮೆ ಹಂದಿ ಎರಡುಪಟ್ಟು ವೇಗದಲ್ಲಿ ಬೆಳೆಯುವುದು ನಿಜ, ಆದರೆ ಅದಕ್ಕೆ ತಕ್ಕ ಮೇವು ಸಿಕ್ಕಾಗ ಮಾತ್ರ. ಎರಡರ ಲಾಭವನ್ನೂ ಹಿಡಿಯಲು ಮಿಶ್ರತಳಿಗಳನ್ನು ಕಟ್ಟಲಾಗಿದೆ: ಗುವಾಹಾಟಿ ಬಳಿಯ ರಾಣಿಯಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರವು ಹ್ಯಾಂಪ್‌ಶೈರ್ ಎಂಬ ಸೀಮೆ ಹಂದಿ ಮತ್ತು ಘುಂಗ್ರೂಗಳನ್ನು ಸಮಪಾಲಾಗಿ ಬೆರೆಸಿ ರೂಪಿಸಿದ ಹಂದಿಗೆ ಆ ಊರಿನ ಹೆಸರೇ ಉಳಿದಿದೆ, ರಾಂಚಿಯ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಝಾರ್ಸುಕ್‌ನಲ್ಲಿ ಟ್ಯಾಮ್‌ವರ್ತ್ ಎಂಬ ಸೀಮೆ ತಳಿಯ ಮತ್ತು ನಾಟಿ ಹಂದಿಯ ರಕ್ತಗಳು ಸೇರಿವೆ. ರೈತರಿಗೆ ಇವು ಅನುಕೂಲವಾಗಿವೆ. ಆದರೆ ಇಲ್ಲೊಂದು ತೊಡಕಿದೆ: ಮಿಶ್ರತಳಿ ಯಶಸ್ವಿಯಾದಷ್ಟೂ ಹಳ್ಳಿಗಳಲ್ಲಿ ಶುದ್ಧ ಘುಂಗ್ರೂ ಸಾಕುವವರು ಕಡಿಮೆಯಾಗುತ್ತಾರೆ, ಮತ್ತು ಘುಂಗ್ರೂ ಇಲ್ಲವಾದರೆ ಮಿಶ್ರತಳಿಯನ್ನು ಮತ್ತೆ ಕಟ್ಟಲು ಬೇಕಾದ ಅರ್ಧಭಾಗವೇ ಇಲ್ಲವಾಗುತ್ತದೆ.

ಕರ್ನಾಟಕದ ನಾಟಿ ಹಂದಿಯ ಸ್ಥಿತಿ ಇದಕ್ಕಿಂತ ಅನಾಥ. ಹಂದಿಜೋಗಿಗಳಂಥ ಸಮುದಾಯಗಳು ಕುಲಕಸುಬಾಗಿ ಸಾಕಿಕೊಂಡು ಬಂದ ಹಿಂಡುಗಳು ಪಟ್ಟಣಗಳ ಬೀದಿಗೆ ಬಿದ್ದಾಗ ಅವು ತಳಿಸಂಪತ್ತಾಗಿ ಅಲ್ಲ, ನೈರ್ಮಲ್ಯದ ಸಮಸ್ಯೆಯಾಗಿ ಮಾತ್ರ ಕಾಣುತ್ತವೆ, ಪುರಸಭೆಗಳ ಹಂದಿ ಹಿಡಿಸುವ ಕಾರ್ಯಾಚರಣೆಗೆ ಗುರಿಯಾಗುತ್ತವೆ. ಚರಂಡಿಯಲ್ಲಿ ಮೇಯುವ ಹಂದಿಯಿಂದ ಲಾಡಿಹುಳು ಮತ್ತಿತರ ರೋಗಗಳ ಭಯ ನಿಜವಾದದ್ದೇ ಆದ್ದರಿಂದ ಆ ದೂರನ್ನು ತಳ್ಳಿಹಾಕಲಾಗದು. ಆದರೂ ಬೀದಿಯಿಂದ ಹಂದಿಯನ್ನು ತೆಗೆಯುವುದು ಬೇರೆ, ತಳಿಯ ಅಧ್ಯಯನವಾಗುವ ಮೊದಲೇ ಅದನ್ನು ಇಲ್ಲವಾಗಿಸುವುದು ಬೇರೆ.

2019ರ ಜಾನುವಾರು ಗಣತಿಯಲ್ಲಿ ಭಾರತದ ಹಂದಿಗಳು 90.6 ಲಕ್ಷ, 2012ಕ್ಕಿಂತ ಶೇ. 12ರಷ್ಟು ಕಡಿಮೆ. ಅಸ್ಸಾಂ ಒಂದರಲ್ಲೇ ಸುಮಾರು 21 ಲಕ್ಷ ಇದ್ದವು. ಇದರ ಬೆನ್ನಿಗೇ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡಿತು. 1921ರಲ್ಲಿ ಕೀನ್ಯಾದಿಂದ ಮೊದಲು ವರದಿಯಾದ ಈ ವೈರಸ್ ರೋಗ ಮನುಷ್ಯರಿಗೆ ತಗುಲುವುದಿಲ್ಲ, ಆದರೆ ತಗುಲಿದ ಹಿಂಡಿನಲ್ಲಿ ಬಹುತೇಕ ಯಾವ ಹಂದಿಯೂ ಉಳಿಯುವುದಿಲ್ಲ. ರೋಗ ಕಂಡಲ್ಲಿಂದ ಒಂದು ಕಿಲೋಮೀಟರ್ ತ್ರಿಜ್ಯದೊಳಗಿನ ಹಂದಿಗಳನ್ನೆಲ್ಲ ಕೊಲ್ಲುವುದು ಹರಡುವಿಕೆ ತಡೆಯುವ ನಿಯಮ, ಆ ಒಂದು ಕಿಲೋಮೀಟರಿನೊಳಗೆ ಅಪರೂಪದ ತಳಿಯ ಕೊನೆಯ ಬೀಜದ ಗಂಡಿದ್ದರೂ ನಿಯಮ ಬದಲಾಗದು. ವಿಚಿತ್ರವೆಂದರೆ ಈ ವೈರಸ್ಸಿನ ತವರಾದ ಆಫ್ರಿಕಾದ ವಾರ್ಟ್‌ಹಾಗ್ ಎಂಬ ಕಾಡುಹಂದಿ ಅದನ್ನು ಮೈಯಲ್ಲಿ ಹೊತ್ತೂ ಆರೋಗ್ಯವಾಗಿರುತ್ತದೆ, ಅದರ ಯಾವ ಜೀನುಗಳು ಇದಕ್ಕೆ ಕಾರಣವೆಂಬುದನ್ನು ಸಂಶೋಧಕರು ಹುಡುಕುತ್ತಿದ್ದಾರೆ.

ಹಂದಿಯ ಕಾಡುಬಂಧುಗಳ ಉಳಿವು ಹೀಗೆ ಊರುಹಂದಿಯ ಭವಿಷ್ಯಕ್ಕೂ ತಗುಲಿಕೊಂಡಿದೆ. ಅಸ್ಸಾಮಿನ ಹುಲ್ಲುಗಾವಲುಗಳ ಕುಬ್ಜ ಹಂದಿ ನೆಲದಿಂದ ಒಂದಡಿಯೂ ಎತ್ತರವಿಲ್ಲದ, ಜಗತ್ತಿನ ಅತಿ ಚಿಕ್ಕ ಹಂದಿ. ಅಳಿದೇಹೋಯಿತೆಂದು ತಿಳಿದಿದ್ದಾಗ 1971ರಲ್ಲಿ ಮತ್ತೆ ಕಾಣಿಸಿಕೊಂಡಿತು. 1996ರಲ್ಲಿ ಮಾನಸ್ ಅಭಯಾರಣ್ಯದಲ್ಲಿ ಹಿಡಿದ ಆರು ಪ್ರಾಣಿಗಳಿಂದ ಗುವಾಹಾಟಿಯ ಬಸಿಷ್ಠದಲ್ಲಿ ಸಂತಾನವೃದ್ಧಿ ಆರಂಭಿಸಿ, 2008ರಿಂದ ಅವುಗಳ ಪೀಳಿಗೆಯನ್ನು ಸೋನಾಯಿ ರೂಪಾಯಿ ಮೊದಲಾದ ಹುಲ್ಲುಗಾವಲುಗಳಿಗೆ ಮರಳಿ ಬಿಡಲಾಗುತ್ತಿದೆ. ಸುತ್ತಲಿನ ಹಳ್ಳಿಗಳ ಹಂದಿಗಳಿಗೆ ಬಂದ ಜ್ವರ ಇವುಗಳಿಗೂ ದಾಟೀತೆಂಬ ಆತಂಕ ಈಗ ಹೊಸದಾಗಿ ಸೇರಿಕೊಂಡಿದೆ.

ರೋಗ, ನೆರೆ, ಯುದ್ಧಗಳಿಂದ ತಳಿಯನ್ನು ಕಾಯುವ ಸುಲಭ ಉಪಾಯವೆಂದು ತೋರುವುದು ವೀರ್ಯವನ್ನು ಹೆಪ್ಪುಗಟ್ಟಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವುದು. ಹೋರಿಯ ವೀರ್ಯಕ್ಕೆ ಈ ವಿಧಾನ ಎಷ್ಟು ಸಲೀಸೆಂದರೆ ಕರ್ನಾಟಕದ ಯಾವ ಪಶು ಆಸ್ಪತ್ರೆಗೆ ಹೋದರೂ ಸಾರಜನಕದ ಕ್ಯಾನು ಕಾಣಸಿಗುತ್ತದೆ. ಹಂದಿಯದು ಹಾಗಲ್ಲ. ಹಂದಿಯ ವೀರ್ಯಾಣುವಿನ ಹೊರಪೊರೆಯಲ್ಲಿರುವ ಕೊಬ್ಬಿನಂಶದ ರಚನೆ ಬೇರೆಯಾಗಿರುವುದರಿಂದ ತಾಪ 15 ಡಿಗ್ರಿಗಿಂತ ಕೆಳಗಿಳಿದರೆ ಪೊರೆ ಬಿರಿಯತೊಡಗುತ್ತದೆ. ಆದ್ದರಿಂದ ಹಂದಿಯ ವೀರ್ಯವನ್ನು 17 ಡಿಗ್ರಿಯ ಆಸುಪಾಸಿನಲ್ಲಿ ದ್ರವರೂಪದಲ್ಲೇ ಇಟ್ಟು ಕೆಲವೇ ದಿನಗಳೊಳಗೆ ಬಳಸುತ್ತಾರೆ. ತದ್ರೂಪಿ ಕುರಿ ಡಾಲಿಯಿಂದ ಲೋಕಪ್ರಸಿದ್ಧರಾದ ಇಯಾನ್ ವಿಲ್ಮಟ್ ಅವರು ಡಾಕ್ಟರೇಟ್ ಪಡೆದದ್ದು ಕೇಂಬ್ರಿಜ್‌ನಲ್ಲಿ ಇದೇ ಸಮಸ್ಯೆಯ ಮೇಲೆ ಕೆಲಸ ಮಾಡಿ. ಹೆಪ್ಪುಗಟ್ಟಿಸುವ ತಂತ್ರ ಅಲ್ಲಿಂದೀಚೆಗೆ ಸುಧಾರಿಸಿದ್ದರೂ, ಅದರಿಂದ ಗರ್ಭ ನಿಲ್ಲುವ ಪ್ರಮಾಣ ಮತ್ತು ಹುಟ್ಟುವ ಮರಿಗಳ ಸಂಖ್ಯೆ ಎರಡೂ ಕಡಿಮೆ. ಕೊಬ್ಬಿನ ಹನಿಗಳಿಂದ ತುಂಬಿದ ಹಂದಿಯ ಭ್ರೂಣವಂತೂ ಚಳಿಗೆ ಇನ್ನೂ ನಾಜೂಕು. ವೀರ್ಯ ಉಳಿದರೂ ಅದನ್ನು ಹೊರುವ ಹೆಣ್ಣು, ಮರಿಗಳನ್ನು ಆ ಪರಿಸರದಲ್ಲಿ ಸಾಕಬಲ್ಲ ಮನುಷ್ಯರು ಉಳಿಯದಿದ್ದರೆ ಕ್ಯಾನಿನೊಳಗಿನ ತಳಿ ದಾಖಲೆಯಾಗಿ ಮಾತ್ರ ಉಳಿಯುತ್ತದೆ.

ಜೀವಂತ ಹಿಂಡನ್ನು ಉಳಿಸುವುದು ಅಂತಿಮವಾಗಿ ಅಡುಗೆಮನೆಯೇ ಎಂಬುದಕ್ಕೆ ಹಂಗೇರಿಯ ಮಂಗಲಿತ್ಸಾ ಸಾಕ್ಷಿ. 1830ರ ದಶಕದಲ್ಲಿ ರೂಪುಗೊಂಡ, ಗುಂಗುರು ರೋಮದ ಈ ಹಂದಿಯನ್ನು ಸಾಕುತ್ತಿದ್ದುದು ನೆಣಕ್ಕಾಗಿ. ಕರಗಿಸಿದ ಹಂದಿಕೊಬ್ಬು ಮಧ್ಯ ಯೂರೋಪಿನ ಅಡುಗೆಯ ಜೀವಾಳವಾಗಿತ್ತು. ಸಸ್ಯಜನ್ಯ ಎಣ್ಣೆ ಅಗ್ಗವಾಗಿ, ಕೊಬ್ಬಿನ ಬಗ್ಗೆ ವೈದ್ಯರ ಎಚ್ಚರಿಕೆ ಹೆಚ್ಚಿ, ಸಮಾಜವಾದಿ ಕಾಲದ ದೊಡ್ಡ ಫಾರಂಗಳು ಬಿಳಿ ಹಂದಿಗೆ ಹೊರಳಿದಾಗ, 1991ರ ವೇಳೆಗೆ ಹಂಗೇರಿಯಲ್ಲಿ ಮರಿ ಹಾಕುವ ಹೆಣ್ಣುಗಳು 200ಕ್ಕಿಂತ ಕಡಿಮೆಯಾದವು. ಆಗ ಸ್ಪೇನಿನ ಹ್ಯಾಮ್ ತಯಾರಕ ಸಂಸ್ಥೆಯೊಂದು ಈ ಹಂದಿಯ ಮಾಂಸದೊಳಗೆ ಎಳೆಎಳೆಯಾಗಿ ಹರಡಿಕೊಂಡ ಕೊಬ್ಬನ್ನು ಗಮನಿಸಿ, ಉಪ್ಪು ಹಚ್ಚಿ ತಿಂಗಳುಗಟ್ಟಲೆ ಮಾಗಿಸುವ ತೊಡೆಮಾಂಸಕ್ಕೆ ಇದು ತಕ್ಕದ್ದೆಂದು ಕಂಡುಕೊಂಡು, ಹಂಗೇರಿಯ ಸಾಕಣೆಗಾರರೊಂದಿಗೆ ಕೈಜೋಡಿಸಿತು. ಸಾಕಣೆಗಾರರ ಸಂಘ ಕಟ್ಟಿಕೊಂಡು ವಂಶಾವಳಿಯ ದಾಖಲೆ ಇಡತೊಡಗಿದ ಮೇಲೆ ತಳಿ ಸಾವಿರಗಳ ಲೆಕ್ಕಕ್ಕೆ ಚೇತರಿಸಿಕೊಂಡಿತು. ತಿನ್ನುವುದರಿಂದಲೇ ಉಳಿಯಿತೆಂಬ ಮಾತು ಸಸ್ಯಾಹಾರಿಗಳಿಗೆ ವಿಪರ್ಯಾಸವೆನಿಸಬಹುದು, ಆದರೆ ಸಾಕುಪ್ರಾಣಿಯ ವಿಷಯದಲ್ಲಿ ಬಳಕೆ ನಿಂತರೆ ಸಾಕಣೆ ನಿಲ್ಲುತ್ತದೆ. ಕೊಡಗಿನ ಪಂದಿ ಕರಿಗೆ ಕಾಚಂಪುಳಿಯ ಹುಳಿಯಷ್ಟೇ ಚರ್ಮ ಮತ್ತು ನೆಣ ಸಹಿತವಾದ ತುಂಡುಗಳೂ ಮುಖ್ಯ. ಆದರೂ ಅಂಗಡಿಯಲ್ಲಿ ಯಾವ ತಳಿಯ ಹಂದಿಯೆಂದು ಕೇಳಿ ಅದಕ್ಕೆ ಹೆಚ್ಚಿನ ಬೆಲೆ ಕೊಡುವ ರೂಢಿ ಭಾರತದಲ್ಲಿ ಇನ್ನೂ ಬೆಳೆದಿಲ್ಲ.

ಸರ್ಕಾರದ ನೆರವು ಸದ್ಯಕ್ಕೆ ಬೇರೆ ದಿಕ್ಕಿನಲ್ಲಿ, ದೊಡ್ಡ ಘಟಕಗಳತ್ತ ಹರಿಯುತ್ತಿದೆ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು ಮತ್ತು 10 ಗಂಡುಗಳ ಹಂದಿ ಘಟಕಕ್ಕೆ ಗರಿಷ್ಠ 30 ಲಕ್ಷ ರೂಪಾಯಿಯವರೆಗೆ ಸಹಾಯಧನವಿದೆ. ಹಿಂದೆ ಹೇಳಿದ ಲೆಕ್ಕವನ್ನು ಇದಕ್ಕೆ ಹಚ್ಚಿದರೆ ಇಷ್ಟು ದೊಡ್ಡ ಘಟಕದ ಪರಿಣಾಮಕಾರಿ ಗಾತ್ರವೂ 36 ಮಾತ್ರ, ಬೇಕಾದ 50ರ ಗೆರೆಯನ್ನು ಅದೊಂದೇ ಮುಟ್ಟಲಾರದು. ಎರಡು ಮೂರು ಘಟಕಗಳು ಒಂದೇ ನಾಟಿ ತಳಿಯನ್ನು ಸಾಕಿ, ಸರದಿಯ ಮೇಲೆ ಗಂಡುಗಳನ್ನು ಬದಲಾಯಿಸಿಕೊಂಡರೆ ಗೆರೆ ದಾಟುವುದು ಕಷ್ಟವಲ್ಲ. ಆದರೆ ಹಂದಿ ಜ್ವರದ ಕಾಲದಲ್ಲಿ ಒಂದು ಫಾರಂನಿಂದ ಇನ್ನೊಂದಕ್ಕೆ ಜೀವಂತ ಹಂದಿಯನ್ನು ಸಾಗಿಸುವುದೇ ಅತಿ ದೊಡ್ಡ ಅಪಾಯವಾದ್ದರಿಂದ ಗಂಡಿನ ಬದಲು ರೋಗಪರೀಕ್ಷೆ ಮಾಡಿದ ವೀರ್ಯವನ್ನು ಕಳಿಸಬೇಕು. ಅದು 17 ಡಿಗ್ರಿಯ ಪೆಟ್ಟಿಗೆಯಲ್ಲಿ, ಈಶಾನ್ಯದ ಗುಡ್ಡಗಾಡಿನ ರಸ್ತೆಗಳಲ್ಲಿ, ಹೆಣ್ಣು ಬೆದೆಯಲ್ಲಿರುವ ಎರಡು ಮೂರು ದಿನಗಳೊಳಗೆ ಹಳ್ಳಿ ತಲುಪಬೇಕು.